ತಂತಿ ಇಳಿಸಿದ ಲೆಕ್ಕ

ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ನನ್ನ ಎಡಗೈಯ ಉಂಗುರದ ಬೆರಳು ಮಡಚಿಕೊಂಡೇ ಇತ್ತು. ಬಿಡಿಸಲು ನೋಡಿದೆ, ಬರಲಿಲ್ಲ. ಬಲಗೈಯಿಂದ ಹಿಡಿದು ಎಳೆದಾಗ ಟಕ್ ಎಂದು ಬಿಚ್ಚಿಕೊಂಡಿತು. ಕಣ್ಣಲ್ಲಿ ನೀರೂ ಬಂತು. ಮರುದಿನವೂ ಹಾಗೆಯೇ. ಮೂರನೇ ದಿನ ಕಂಪನಿಗೆ ಅರ್ಧ ದಿನ ರಜೆ ಹಾಕಿ ಚಿಂಚವಾಡದ ಮೂಳೆ ಡಾಕ್ಟರ ಮುಂದೆ ಕುಳಿತೆ.

‘ಟ್ರಿಗರ್ ಫಿಂಗರ್’ ಎಂದರು ಡಾಕ್ಟರು. ಬೆರಳನ್ನು ಮಡಚುವ ಸ್ನಾಯುರಜ್ಜು ತನ್ನ ಕೊಳವೆಯೊಳಗೆ ಸರಾಗವಾಗಿ ಜಾರಬೇಕು. ಅಲ್ಲಿ ಊತ ಬಂದರೆ ಸಿಕ್ಕಿಕೊಳ್ಳುತ್ತದೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ನಂತರ ಕೇಳಿದರು, ‘ಈ ಕೈಯಿಂದ ಏನು ಮಾಡ್ತೀರಿ?’

‘ಗಿಟಾರ್ ಬಾರಿಸ್ತೀನಿ, ವಾರಕ್ಕೆ ಮೂರ್ನಾಲ್ಕು ದಿನ.’

ಅವರು ತಮ್ಮ ಮುಂಗೈಯನ್ನು ಮೇಜಿನ ಮೇಲೆ ಚಾಚಿ, ‘ತಂತಿಯನ್ನು ಒತ್ತುವ ಹಾಗೆ ಇಲ್ಲಿ ಒತ್ತಿ’ ಎಂದರು. ಒತ್ತಿದೆ. ಕೈ ಹಿಂದಕ್ಕೆ ಎಳೆದುಕೊಂಡರು. ‘ಇಷ್ಟೊಂದು ಒತ್ತಬೇಕಾ? ಒಂದೋ ಕೆಲವು ವಾರ ಬಿಟ್ಟುಬಿಡಿ, ಇಲ್ಲವೇ ಈ ಒತ್ತುವಿಕೆಯನ್ನು ಅರ್ಧ ಮಾಡಿ. ಎರಡೂ ಆಗದಿದ್ದರೆ ಇಂಜೆಕ್ಷನ್ ಇದೆ, ಅದರಾಚೆ ಆಪರೇಷನ್ ಇದೆ.’ ರಾತ್ರಿ ಬೆರಳಿಗೆ ಕಟ್ಟಿಕೊಳ್ಳಲು ಒಂದು ಪಟ್ಟಿ ಬರೆದುಕೊಟ್ಟು ಕಳಿಸಿದರು.

ಬಿಟ್ಟುಬಿಡಿ ಎನ್ನುವುದು ಸುಲಭ. ನಮ್ಮ ಬಡಾವಣೆಯ ಕನ್ನಡ ಬಳಗದ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಒಂಬತ್ತು ವಾರ ಉಳಿದಿತ್ತು. ವಾದ್ಯವೃಂದದಲ್ಲಿ ನಾವು ಏಳು ಜನ: ಕೀಬೋರ್ಡಿಗೆ ಮಂಡ್ಯದ ಹುಡುಗ, ತಬಲಾಕ್ಕೆ ಬೀದರಿನ ಬ್ಯಾಂಕ್ ಅಧಿಕಾರಿ, ಹಾಡಲು ಮೂವರು, ಧ್ವನಿವರ್ಧಕ ನೋಡಿಕೊಳ್ಳಲು ಪುತ್ತೂರಿನ ಭಟ್ಟರು, ಮತ್ತೆ ಗಿಟಾರಿಗೆ ಧಾರವಾಡದ ನಾನು. ಹತ್ತು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ಸೊಸೈಟಿಯ ಕ್ಲಬ್ ಹೌಸಿನಲ್ಲಿ ಸೇರುತ್ತೇವೆ. ಪರವೂರಿನಲ್ಲಿರುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ವಾರವಿಡೀ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಮಾತಾಡಿ ದಣಿದ ಬಾಯಿಗೆ ಆ ಎರಡು ತಾಸು ಬೇಕೇಬೇಕು. ಅದನ್ನು ಬಿಡಲು ನಾನು ತಯಾರಿರಲಿಲ್ಲ. ಹಾಗಾಗಿ ಡಾಕ್ಟರು ಹೇಳಿದ ಎರಡನೇ ದಾರಿ ಹಿಡಿದೆ: ಒತ್ತುವುದನ್ನು ಅರ್ಧ ಮಾಡುವುದು.

ಅಳೆಯುವವನ ಮನೆಯಲ್ಲಿ ಅಳತೆಯಿಲ್ಲ

ನನ್ನದು ಸ್ಟ್ರಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಫೆಂಡರ್ ಕಂಪನಿ 1954ರಲ್ಲಿ ತಂದ ವಿನ್ಯಾಸ ಅದು. ಈಗ ಹತ್ತಾರು ಕಂಪನಿಗಳು ಅದೇ ಆಕಾರದಲ್ಲಿ ಮಾಡುತ್ತವೆ. ಬೆಂಗಳೂರಿಗೆ ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬರಿಂದ ಕೊಂಡದ್ದು. ಕೊಂಡ ದಿನದಿಂದ ತಂತಿ ಬದಲಿಸಿದ್ದು ಬಿಟ್ಟರೆ ಅದರ ಒಂದು ಸ್ಕ್ರೂವನ್ನೂ ನಾನು ಮುಟ್ಟಿರಲಿಲ್ಲ.

ಇದರಲ್ಲಿ ನಾಚಿಕೆಯ ಸಂಗತಿ ಏನೆಂದರೆ, ನನ್ನ ಹೊಟ್ಟೆಪಾಡೇ ಅಳೆಯುವುದು. ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಅಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಸಪ್ಲೈಯರ್ ಜೊತೆ ಜಗಳವಾಡುತ್ತೇನೆ. ಮನೆಗೆ ಬಂದು, ಎಷ್ಟು ಎತ್ತರವೆಂದು ಒಮ್ಮೆಯೂ ಅಳೆಯದ ತಂತಿಯನ್ನು ಹಲ್ಲು ಕಚ್ಚಿ ಒತ್ತುತ್ತಿದ್ದೆ. ಬೆರಳು ನೋಯದೆ ಗಿಟಾರ್ ಬರುವುದಿಲ್ಲ ಎಂದು ಕಾಲೇಜಿನಲ್ಲಿ ಹಿರಿಯರೊಬ್ಬರು ಹೇಳಿದ್ದನ್ನು ವೇದವಾಕ್ಯದಂತೆ ನಂಬಿದ್ದೆ. ಬೆರಳ ತುದಿಯ ಚರ್ಮ ಗಟ್ಟಿಯಾಗುವವರೆಗೆ ನೋವು ಸಹಜ, ಅದು ನಿಜ. ಆದರೆ ಕೀಲು, ಸ್ನಾಯು ನೋಯುವುದು ಸಾಧನೆಯಲ್ಲ.

ಅಂದು ರಾತ್ರಿ ಮೊದಲ ಬಾರಿಗೆ ಅಳೆದೆ. ತಂತಿಯ ತಳಕ್ಕೂ ಫ್ರೆಟ್ಟಿನ ತಲೆಗೂ ನಡುವಿನ ಅಂತರವನ್ನು ಗಿಟಾರಿನವರು ‘ಆಕ್ಷನ್’ ಎನ್ನುತ್ತಾರೆ. ಫ್ರೆಟ್ ಎಂದರೆ ವೀಣೆಯ ಮೆಟ್ಟಿಲಿದ್ದ ಹಾಗೆ, ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಸಾಮಾನ್ಯವಾಗಿ 12ನೇ ಫ್ರೆಟ್ಟಿನ ಮೇಲೆ ಅಳೆಯುತ್ತಾರೆ, ಏಕೆಂದರೆ ಅದು ತಂತಿಯ ನಟ್ಟನಡುವೆ ಬರುತ್ತದೆ. ನನ್ನ ಗಿಟಾರಿನಲ್ಲಿ ಅತಿ ದಪ್ಪ ತಂತಿಯ ಕೆಳಗೆ 2.8 ಮಿ.ಮೀ. ಇತ್ತು, ಅತಿ ತೆಳುವಿನ ಕೆಳಗೆ 2.4. ಫೆಂಡರ್ ಕಂಪನಿಯೇ ತನ್ನ ಗ್ರಾಹಕರಿಗೆ ಹೇಳುವ ಅಳತೆ, 9.5ರಿಂದ 12 ಇಂಚು ತ್ರಿಜ್ಯದ ಬಾಗಿದ ಫಲಕಕ್ಕೆ, 17ನೇ ಫ್ರೆಟ್ಟಿನ ಬಳಿ 1.6 ಮಿ.ಮೀ. ಅಂದರೆ ಇಷ್ಟು ವರ್ಷ ನಾನು ಹತ್ತಿರ ಹತ್ತಿರ ಎರಡರಷ್ಟು ಆಳಕ್ಕೆ ತಂತಿಯನ್ನು ದೂಡುತ್ತಿದ್ದೆ.

ನಿಮ್ಮ ಮನೆಯಲ್ಲಿ ಫೀಲರ್ ಗೇಜ್ ಇಲ್ಲದಿದ್ದರೆ ಚಿಂತೆಯಿಲ್ಲ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ.; ಎಲ್ಲ ಬ್ಯಾಂಕಿನದೂ ಒಂದೇ. ಉಬ್ಬಿದ ಅಕ್ಷರಗಳಿಲ್ಲದ ಎರಡು ಕಾರ್ಡುಗಳನ್ನು ಜೋಡಿಸಿ ಹಿಡಿದರೆ ಒಂದೂವರೆ ಮಿಲಿಮೀಟರಿನ ಗೇಜ್ ತಯಾರಾಯಿತು. 12ನೇ ಫ್ರೆಟ್ಟಿನ ಮೇಲೆ ಎರಡು ಕಾರ್ಡು ಇಟ್ಟು ತಂತಿಯ ಕೆಳಗೆ ಜಾರಿಸಿ ನೋಡಿ. ಮೂರನೆಯ ಕಾರ್ಡೂ ಸಲೀಸಾಗಿ ನುಗ್ಗಿತೆಂದರೆ ನಿಮ್ಮ ಬೆರಳಿಗೂ ನನ್ನ ಬೆರಳಿನ ಗತಿಯೇ.

ಒಂದೇ ರಾತ್ರಿಯ ಆತುರ

ಸ್ಟ್ರಾಟಿನ ಬ್ರಿಜ್ಜಿನಲ್ಲಿ ಪ್ರತಿ ತಂತಿಗೂ ಒಂದೊಂದು ಪುಟ್ಟ ಸ್ಯಾಡಲ್ ಇರುತ್ತದೆ. ಅದರ ಎರಡೂ ಬದಿಗೆ ಒಂದೊಂದು ಸಣ್ಣ ಸ್ಕ್ರೂ. ಅಲೆನ್ ಕೀ ಹಾಕಿ ತಿರುಗಿಸಿದರೆ ತಂತಿ ಏರುತ್ತದೆ, ಇಳಿಯುತ್ತದೆ. ಲೆಕ್ಕ ಸರಳ: 12ನೇ ಫ್ರೆಟ್ ನಡುವಿನಲ್ಲಿರುವುದರಿಂದ ಸ್ಯಾಡಲ್ ಒಂದು ಮಿಲಿಮೀಟರ್ ಇಳಿದರೆ ಅಲ್ಲಿ ತಂತಿ ಇಳಿಯುವುದು ಅರ್ಧ ಮಿಲಿಮೀಟರ್. ನಾನು ಲೆಕ್ಕ ಹಾಕಿ, ಒಂದು ಗಂಟೆಯಲ್ಲಿ ಆರೂ ತಂತಿಗಳನ್ನು ಒಂದೂವರೆ ಮಿಲಿಮೀಟರಿಗೆ ತಂದು ಮಲಗಿದೆ. ಮನಸ್ಸಿನಲ್ಲಿ ಇಷ್ಟೇನಾ ಎಂಬ ಬಿಗುಮಾನ.

ಶನಿವಾರದ ತಾಲೀಮಿನಲ್ಲಿ ಬಣ್ಣ ಬಯಲಾಯಿತು. ಕಾರ್ಡುಗಳು ಬೆಣ್ಣೆಯಂತೆ ಒತ್ತಿಕೊಂಡವು, ಅದು ಸರಿ. ಆದರೆ ಒಂದು ಹಳೆಯ ಚಿತ್ರಗೀತೆಯ ನಡುವೆ ನನ್ನದೊಂದು ಚಿಕ್ಕ ತುಣುಕು ಬರುತ್ತದೆ. 14ನೇ ಫ್ರೆಟ್ಟಿನಲ್ಲಿ ಎರಡನೇ ತಂತಿಯನ್ನು ಮೇಲಕ್ಕೆ ದೂಡಿ ಸ್ವರ ಎಳೆಯಬೇಕು. ದೂಡಿದೆ. ಸ್ವರ ಅರ್ಧ ದಾರಿಯಲ್ಲಿ ಕತ್ತು ಹಿಸುಕಿದಂತೆ ನಿಂತುಹೋಯಿತು. ಇನ್ನೊಮ್ಮೆ ದೂಡಿದೆ, ಮತ್ತೆ ಹಾಗೆಯೇ. ಕೆಳಗಿನ ದಪ್ಪ ತಂತಿಗಳು ಬೇರೆ ಗರ್‌ಗರ್ ಎನ್ನುತ್ತಿದ್ದವು.

‘ಏನ್ ಸಾ, ಗಿಟಾರ್‌ಗೆ ಕೆಮ್ಮು ಬಂದದಾ?’ ಎಂದ ಮಂಡ್ಯದ ಹುಡುಗ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವನು ಮೆಲ್ಲಗೆ, ‘ಬೇಕಾದ್ರೆ ಆ ಬಿಟ್ ಕೀಬೋರ್ಡಲ್ಲಿ ನಾನೇ ನುಡಿಸ್ತೀನಿ, ನಿಮ್ ಕೈ ವಾಸಿ ಆಗೋಗಂಟ’ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಅಂದು ಮನೆಗೆ ನಡೆದುಬರುವಾಗ ಗಿಟಾರಿನ ಚೀಲ ಎಂದಿಗಿಂತ ಭಾರವಾಗಿತ್ತು.

ಧಾರವಾಡದಿಂದ ಬಂದ ಪ್ರಶ್ನೆ

ನನ್ನ ತಂದೆಗೆ ಎಂಬತ್ತು ದಾಟಿದೆ. ಶಾಲಾ ಮಾಸ್ತರರಾಗಿದ್ದವರು, ಹಾಡುಗಾರರಲ್ಲ, ಆದರೆ ಬೆಳಗಿನ ಅರ್ಧ ತಾಸು ತಂಬೂರಿ ಮೀಟುತ್ತ ಸ್ವರ ಹಚ್ಚುವುದನ್ನು ಬಿಟ್ಟವರಲ್ಲ. ತಂಬೂರಿ ಮೀರಜಿನದು. ಹುಬ್ಬಳ್ಳಿ–ಪುಣೆ ರೈಲಿನಲ್ಲಿ ಓಡಾಡುವವರೆಲ್ಲ ಮೀರಜ್ ಜಂಕ್ಷನ್ ನೋಡಿರುತ್ತೀರಿ. ಸ್ಟೇಷನ್ನಿನ ಆಚೆ, ಊರೊಳಗೆ, ತಲೆಮಾರುಗಳಿಂದ ಸಿತಾರ್, ತಂಬೂರಿ ಮಾಡುವ ಕುಟುಂಬಗಳಿವೆ. ಅಲ್ಲಿಯ ಈ ಎರಡೂ ವಾದ್ಯಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅದು. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು.

ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಬೆರಳಿನ ಸುದ್ದಿ, ತಂತಿಯ ಸುದ್ದಿ ಎರಡನ್ನೂ ಹೇಳಿದೆ. ‘ಸ್ವಲ್ಪ ಬಾರಿಸು, ಕೇಳೂಣು’ ಎಂದರು. ಫೋನನ್ನು ಗಿಟಾರಿನ ಹತ್ತಿರ ಇಟ್ಟು ಒಂದೊಂದೇ ತಂತಿ ಮೀಟಿದೆ.

‘ಜವಾರಿ ಹತ್ತೈತಲ್ಲೋ!’ ಎಂದು ನಕ್ಕರು.

ನಮ್ಮ ಕಡೆ ಜವಾರಿ ಎಂದರೆ ನಾಟಿ ಎಂದರ್ಥ. ಜವಾರಿ ಕೋಳಿ, ಜವಾರಿ ಸೌತಿಕಾಯಿ. ತಂಬೂರಿಯ ಜವಾರಿಯೇ ಬೇರೆ. ತಂಬೂರಿಯ ಕುದುರೆ, ಅಂದರೆ ಬ್ರಿಜ್, ಗಿಟಾರಿನದರ ಹಾಗೆ ಚೂಪಾಗಿರುವುದಿಲ್ಲ. ಅಗಲವಾಗಿ, ಕಣ್ಣಿಗೆ ಕಾಣದಷ್ಟು ಇಳಿಜಾರಾಗಿ ಉಜ್ಜಿರುತ್ತಾರೆ. ತಂತಿ ನಡುಗುವಾಗ ಅದರ ಮೈಯನ್ನು ಸವರಿಕೊಂಡು ಹೋಗುತ್ತದೆ. ಕೆಳಗೆ ಒಂದು ನೂಲಿನ ಎಳೆ ಸಿಕ್ಕಿಸಿ ಹಿಂದೆ ಮುಂದೆ ಸರಿಸಿದರೆ ಒಂದು ಜಾಗದಲ್ಲಿ ನಾದ ತಟ್ಟನೆ ಅರಳುತ್ತದೆ. ಆ ಝೇಂಕಾರಕ್ಕಾಗಿಯೇ ಅವರು ತಂತಿ ತಾಗಲೆಂದು ಬಯಸುತ್ತಾರೆ. ಗಿಟಾರಿನವರು ತಾಗಬಾರದೆಂದು ಹೆಣಗುತ್ತಾರೆ. ಆದರೆ ಕೆಲಸ ಒಂದೇ: ತಂತಿ ಎಲ್ಲಿ ತಾಗುತ್ತದೆ, ಎಷ್ಟು ತಾಗುತ್ತದೆ ಎಂದು ಕಂಡುಹಿಡಿಯುವುದು.

‘ನೀ ಯಾವ ತಿರುಪು ತಿರುವಿದಿ?’ ಅಪ್ಪ ಕೇಳಿದರು.

‘ಎಲ್ಲಾ ತಿರುವೇನ್ರಿ.’

‘ಎಲ್ಲಾ ಒಮ್ಮೆಲೆ ತಿರುವಿದರ ಯಾವದರಿಂದ ಕೆಟ್ಟತಿ ಅಂತ ಹೆಂಗ ತಿಳೀಬೇಕು? ಎಲ್ಲಿ ಹತ್ತತೈತಿ ಅದನ್ನ ಮದಲ ನೋಡು. ಕೈ ಆಮ್ಯಾಲೆ ಹಚ್ಚು.’

ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನೇ ನಾನು ಹೊಸ ಟ್ರೇನಿಗಳಿಗೆ ಪ್ರತಿ ವರ್ಷ ಪವರ್‌ಪಾಯಿಂಟ್ ಹಾಕಿ ಹೇಳುತ್ತೇನೆ.

ಎಲ್ಲಿ ತಾಗುತ್ತದೆ?

ಮರುದಿನದಿಂದ ಒಂದು ನೋಟುಬುಕ್ ಇಟ್ಟೆ. ಪ್ರತಿ ತಂತಿ, ಪ್ರತಿ ಫ್ರೆಟ್ ಒತ್ತಿ ಮೀಟಿ, ಗರ್ ಎಂದ ಕಡೆಯೆಲ್ಲ ಗುರುತು ಹಾಕಿದೆ. ಓದಿ, ಕೇಳಿ, ಮಾಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಗಿಟಾರ್ ಇದ್ದೀತು.

ಬೆರಳಿಡದೆ ಬರೀ ತಂತಿ ಮೀಟಿದಾಗ ಮಾತ್ರ ಗರ್ ಎಂದರೆ ತಪ್ಪು ತಲೆಯ ಕಡೆಯ ನಟ್ಟಿನಲ್ಲಿದೆ. ತಂತಿ ಕೂರುವ ಅದರ ಗಾಡಿ ತೀರ ಆಳವಾಗಿದೆ. ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಗರ್ ಎಂದರೆ ಕುತ್ತಿಗೆ ಅತಿ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. 12ರ ಆಚೆ ಗರ್ ಎಂದರೆ ಸ್ಯಾಡಲ್ ತೀರ ಕೆಳಗಿದೆ, ಅಥವಾ ಕುತ್ತಿಗೆ ಅತಿಯಾಗಿ ಮುಂದಕ್ಕೆ ಬಾಗಿದೆ. ಒಂದೇ ಒಂದು ಜಾಗದಲ್ಲಿ ಮಾತ್ರ ಎಂದರೆ ಅದರ ಮುಂದಿನ ಯಾವುದೋ ಫ್ರೆಟ್ ತಲೆ ಎತ್ತಿ ನಿಂತಿದೆ.

ನನ್ನ ಪುಸ್ತಕದಲ್ಲಿ ಗುರುತುಗಳೆಲ್ಲ 12ರ ಆಚೆಗೇ ಇದ್ದವು. ಅದರಲ್ಲೂ 14ರಲ್ಲಿ ಅತಿ ಹೆಚ್ಚು.

ಕುತ್ತಿಗೆಯ ಬಾಗು ಎಂದರೆ ಏನು? ಮೀಟಿದ ತಂತಿ ನಡುವಿನಲ್ಲಿ ಹೆಚ್ಚು ತೂಗಾಡುತ್ತದೆ. ಮಕ್ಕಳಾಡುವ ಹಗ್ಗದಾಟದ ಹಗ್ಗ ನೆನಪಿಸಿಕೊಳ್ಳಿ. ಅದಕ್ಕೆ ಜಾಗ ಬೇಕೆಂದು ಕುತ್ತಿಗೆಯನ್ನು ಪೂರ್ತಿ ನೇರ ಇಡದೆ ಕೂದಲೆಳೆಯಷ್ಟು ಒಳಬಾಗು ಬಿಡುತ್ತಾರೆ. ಇದಕ್ಕೆ ರಿಲೀಫ್ ಎಂದು ಹೆಸರು. ತಂತಿಗಳ ಎಳೆತ ಕುತ್ತಿಗೆಯನ್ನು ಬಾಗಿಸಲು ನೋಡುತ್ತದೆ. ಅದಕ್ಕೆ ಎದುರಾಗಿ ಕುತ್ತಿಗೆಯೊಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಟ್ರಸ್ ರಾಡ್. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1920ರ ದಶಕದ ಆರಂಭದಲ್ಲಿ ಬಿಗಿ ಹೆಚ್ಚುಕಡಿಮೆ ಮಾಡಬಲ್ಲ ಈ ಸರಳಿಗೆ ಪೇಟೆಂಟ್ ಪಡೆದರು. ನೂರು ವರ್ಷವಾದರೂ ಮೂಲ ಉಪಾಯ ಅದೇ.

ಬಾಗು ಅಳೆಯಲು ಮೂರು ಕೈ ಬೇಕು. ಎಡಗೈಯಿಂದ ಮೊದಲ ಫ್ರೆಟ್, ಬಲಗೈಯಿಂದ ಕೊನೆಯ ಫ್ರೆಟ್ ಒತ್ತಿ ಹಿಡಿದೆ. ಆಗ ತಂತಿಯೇ ನೇರ ಅಳತೆಪಟ್ಟಿ. 8ನೇ ಫ್ರೆಟ್ಟಿನ ಮೇಲೆ ಗೇಜಿನ ಎಲೆ ತೂರಿಸುವ ಕೆಲಸ ಹೆಂಡತಿಯದು.

‘ಹೋಯ್ತು’ ಎಂದಳು. 0.30ರ ಎಲೆ. ‘ಇದೂ ಹೋಯ್ತು.’ 0.45. ‘ಇದೂ ಹೋಯ್ತು. ಇನ್ನು ಎಷ್ಟು ದಪ್ಪದ್ದು ಕೊಡ್ತೀರಿ? ಪಲ್ಯ ಸೀಯ್ತಾ ಇದೆ.’

0.60ಕ್ಕೆ ತಂತಿ ತಾಗಿತು. ನನ್ನ ಗಿಟಾರಿನಂಥದಕ್ಕೆ ಸಾಕಾಗುವುದು ಸುಮಾರು 0.25. ಈಗ ಚಿತ್ರ ಸ್ಪಷ್ಟವಾಯಿತು. ತಂತಿ ಎತ್ತರವಾಗಿದ್ದುದಕ್ಕೆ ಅರ್ಧ ಕಾರಣ ಸ್ಯಾಡಲ್ ಅಲ್ಲವೇ ಅಲ್ಲ, ಕುತ್ತಿಗೆ ಬಿಲ್ಲಿನ ಹಾಗೆ ಬಾಗಿತ್ತು. ಬಾಗಿದ ಕುತ್ತಿಗೆಯ ಮೇಲೆ ತಂತಿಯನ್ನು ಸ್ಯಾಡಲ್‌ನಿಂದ ಇಳಿಸಿದರೆ ನಡುವಿನಲ್ಲಿ ಇನ್ನೂ ಜಾಗ ಉಳಿದಿರುವಾಗಲೇ ಆಚೆ ತುದಿಯ ಫ್ರೆಟ್ಟುಗಳಿಗೆ ತಂತಿ ಬಡಿಯುತ್ತದೆ. ನಾನು ಮಾಡಿದ್ದು ಅದನ್ನೇ.

ಮೊದಲು ತಂತಿ ಬದಲಿಸಿದೆ. ನನ್ನಲ್ಲಿದ್ದದ್ದು ‘ಹತ್ತರ ಸೆಟ್’, ತೆಳು ತಂತಿ 0.010 ಇಂಚು, ದಪ್ಪದ್ದು 0.046. ಅದನ್ನು ‘ಒಂಬತ್ತರ ಸೆಟ್’ ಮಾಡಿದೆ, 0.009ರಿಂದ 0.042. ಕೇಳಲು ಕೂದಲಿನಷ್ಟು ವ್ಯತ್ಯಾಸ. ಆದರೆ ಸ್ಟ್ರಾಟಿನ ಉದ್ದಕ್ಕೆ ಮಾಮೂಲಿ ಶ್ರುತಿಯಲ್ಲಿ ಹತ್ತರ ಆರು ತಂತಿಗಳ ಒಟ್ಟು ಎಳೆತ ಸುಮಾರು 47 ಕೆ.ಜಿ., ಒಂಬತ್ತರದು ಸುಮಾರು 39. ಅಷ್ಟು ಭಾರ ಕುತ್ತಿಗೆಯಿಂದಲೂ ಇಳಿಯಿತು, ಬೆರಳಿನಿಂದಲೂ ಇಳಿಯಿತು. ತಂತಿ ಸಡಿಲವಾದದ್ದಕ್ಕೆ ಹಿಂದಿನ ಸ್ಪ್ರಿಂಗುಗಳ ಕೈ ಮೇಲಾಗಿ ಬ್ರಿಜ್ ತಗ್ಗಿ ಕುಳಿತಿತು. ಸ್ಪ್ರಿಂಗಿನ ಸ್ಕ್ರೂಗಳನ್ನು ತುಸು ಬಿಟ್ಟು ಅದನ್ನು ಮೊದಲಿನ ಜಾಗಕ್ಕೆ ತಂದೆ. ಎರಡು ದಿನ ಬಿಟ್ಟು ಅಳೆದಾಗ ಬಾಗು ತಾನೇ ಕಡಿಮೆಯಾಗಿ 0.45ಕ್ಕೆ ಬಂದಿತ್ತು.

ಇನ್ನು ಸರಳು. ಬಲಕ್ಕೆ ತಿರುಗಿಸಿದರೆ ಬಿಗಿಯಾಗಿ ಕುತ್ತಿಗೆ ನೇರವಾಗುತ್ತದೆ. ಎಡಕ್ಕೆ ತಿರುಗಿಸಿದರೆ ಬಾಗು ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲ. ತಿರುಗಿಸು, ಶ್ರುತಿ ಮಾಡು, ಕಾಯಿ, ಅಳೆ. ಮರ ಒಮ್ಮೆಲೇ ಮಾತು ಕೇಳುವುದಿಲ್ಲ. ಕೀಲಿ ಗಟ್ಟಿಯಾಗಿ ನಿಂತರೆ ಅಲ್ಲಿಗೇ ನಿಲ್ಲಿಸಬೇಕು. ಬಲ ಹಾಕಿದರೆ ಸರಳು ಕತ್ತರಿಸಿ ಗಿಟಾರಿಗೆ ಗಿಟಾರೇ ಹೋದೀತು. ನಾನು ಎರಡು ಸಲ, ಎಂಟನೇ ಒಂದು ಸುತ್ತಿನಂತೆ, ನಾಲ್ಕು ದಿನಗಳಲ್ಲಿ 0.25ಕ್ಕೆ ತಂದೆ. ಆಮೇಲೆ ಸ್ಯಾಡಲ್ಲುಗಳನ್ನು, ಇಳಿಸಿದ್ದಲ್ಲಿಂದ, ಸ್ವಲ್ಪ ಮೇಲಕ್ಕೇ ಎತ್ತಿದೆ. ಗರ್ ಎನ್ನುವುದು ಮುಕ್ಕಾಲುಪಾಲು ಅಡಗಿತು. 14ನೇ ಫ್ರೆಟ್ಟಿನಲ್ಲಿ ಎಳೆದ ಸ್ವರ ಮಾತ್ರ ಈಗಲೂ ಸಾಯುತ್ತಿತ್ತು.

‘ಹೇಗೆ ಬಾರಿಸ್ತೀಯಾ, ತೋರಿಸು’

ಇಲ್ಲಿಂದ ಮುಂದಿನದು ನನ್ನ ಕೈಯ ಕೆಲಸವಲ್ಲವೆಂದು ನನಗೆ ಗೊತ್ತಿತ್ತು. ಸ್ಟೀಲ್ ಸ್ಕೇಲಿನ ಒಂದು ಚಿಕ್ಕ ತುಂಡನ್ನು ಮೂರು ಫ್ರೆಟ್ಟುಗಳ ಮೇಲೆ ನಿಲ್ಲಿಸಿ ಅಲುಗಾಡಿಸಿ ನೋಡಿದ್ದೆ. ನಡುವಿನದು ಎತ್ತರವಾಗಿದ್ದರೆ ಸ್ಕೇಲು ತೊಟ್ಟಿಲಿನಂತೆ ತೂಗುತ್ತದೆ. 17ರ ಮೇಲೆ ತೂಗಿತು. ಅಳೆಯುವುದು ನನ್ನ ವೃತ್ತಿ, ಉಜ್ಜುವುದಲ್ಲ. ಉಜ್ಜಿದ ಲೋಹ ಮತ್ತೆ ಬರುವುದಿಲ್ಲ.

ಹಳೆ ಪುಣೆಯ ಗಲ್ಲಿಯೊಂದರಲ್ಲಿ, ಮಾಳಿಗೆಯ ಮೇಲೆ, ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಬಾರಿಸಿದವರು. ನಾನು ನೋಟುಬುಕ್ ತೆರೆದು ಅಂಕಿಸಂಖ್ಯೆ ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು. ‘ಎಷ್ಟಕ್ಕೆ ಇಳಿಸಲಿ ಅಂತ ಆಮೇಲೆ ನೋಡೋಣ. ಮೊದಲು ಹೇಗೆ ಬಾರಿಸ್ತೀಯಾ, ತೋರಿಸು.’

ಬಾರಿಸಿದೆ. ಅವರು ನೋಡಿದ್ದು ನನ್ನ ಎಡಗೈಯನ್ನಲ್ಲ, ಬಲಗೈಯನ್ನು.

‘ಬಟ್ಟೆ ಒಗೆದ ಹಾಗೆ ಬಡಿತೀಯಲ್ಲ! ಜೋರಾಗಿ ಬಡಿದರೆ ತಂತಿ ಅಗಲವಾಗಿ ತೂಗುತ್ತೆ, ಅದಕ್ಕೆ ಜಾಗ ಬೇಕು. ಕಡಿಮೆ ಎತ್ತರ ಬೇಕು ಅಂದ್ರೆ ಬಡಿಯೋದನ್ನ ಕಡಿಮೆ ಮಾಡಬೇಕು. ಶಬ್ದ ಮಾಡೋಕೆ ಆಂಪ್ಲಿಫಯರ್ ಇದೆಯಲ್ಲ?’

ಇದು ನನಗೆ ಹೊಳೆದೇ ಇರಲಿಲ್ಲ. ಎತ್ತರದ ತಂತಿಗೆ ಒಗ್ಗಿಕೊಳ್ಳುತ್ತ ಎರಡೂ ಕೈಗಳು ಒರಟಾಗಿದ್ದವು. ತಂತಿಯ ಎತ್ತರಕ್ಕೆ ಎಲ್ಲರಿಗೂ ಹೊಂದುವ ಒಂದು ಅಂಕಿ ಇಲ್ಲ, ಅದು ಬಾರಿಸುವವನ ಕೈಯನ್ನು ಅವಲಂಬಿಸಿದೆ. ಸ್ಲೈಡ್ ಬಾರಿಸುವವರಿಗಂತೂ ತಂತಿ ಎತ್ತರವೇ ಬೇಕು. 1994ರಲ್ಲಿ ಗ್ರ್ಯಾಮಿ ಪಡೆದ ವಿಶ್ವಮೋಹನ ಭಟ್ಟರ ಮೋಹನ ವೀಣೆಯಂಥ ವಾದ್ಯದಲ್ಲಿ ಉಕ್ಕಿನ ತುಂಡು ತಂತಿಯ ಮೇಲೆ ತೇಲಬೇಕೇ ಹೊರತು ಕೆಳಗೆ ತಾಗಬಾರದು.

ಅವರು 17ನೇ ಫ್ರೆಟ್ಟನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಒಂದು ತುದಿ ಎದ್ದಿತ್ತು. ಕೂರಿಸಿ, ಉಳಿದದ್ದನ್ನು ಅರದಿಂದ ಎರಡು ಬಾರಿ ಸವರಿ, ತಲೆಯನ್ನು ಮತ್ತೆ ಗುಂಡಗೆ ಮಾಡಿದರು. ನಂತರ 3ನೇ ಫ್ರೆಟ್ ಒತ್ತಿ, 1ನೇ ಫ್ರೆಟ್ಟಿನ ಮೇಲೆ ತಂತಿಯ ಕೆಳಗೆ ಎಷ್ಟು ಬೆಳಕು ಕಾಣುತ್ತದೆ ಎಂದು ಬಗ್ಗಿ ನೋಡಿದರು. ಜೆರಾಕ್ಸ್ ಹಾಳೆ, ಅಂದರೆ ಸುಮಾರು 0.1 ಮಿ.ಮೀ., ಕಷ್ಟಪಟ್ಟು ತೂರುವಷ್ಟಿದ್ದರೆ ಸಾಕು. ನನ್ನದರಲ್ಲಿ ಮೂರು ತಂತಿಗಳಿಗೆ ಮೂರು ಹಾಳೆ ತೂರುತ್ತಿತ್ತು. ‘ನಿನ್ನ ಬೆರಳು ತಿಂದದ್ದು ಇದು’ ಎಂದು ನಟ್ಟಿನ ಗಾಡಿಗಳನ್ನು ತೆಳುವಾದ ಅರದಿಂದ ಇಳಿಸಿದರು. ಕಲಿಯುವವರೆಲ್ಲ ಸೋತು ಕೂರುವ ಎಫ್ ಕಾರ್ಡ್ ಒತ್ತಿ ನೋಡಿದೆ. ಬೆರಳಿಗೆ ಒಂದು ಕ್ಷಣ ನಂಬಿಕೆಯೇ ಬರಲಿಲ್ಲ.

ಕೊನೆಯ ಅಳತೆ: ದಪ್ಪ ತಂತಿಗೆ 1.7 ಮಿ.ಮೀ., ತೆಳುವಿಗೆ 1.4. ದಪ್ಪ ತಂತಿ ಹೆಚ್ಚು ತೂಗುವುದರಿಂದ ಅದಕ್ಕೆ ಹೆಚ್ಚು ಜಾಗ. ನಡುವಿನ ನಾಲ್ಕು ತಂತಿಗಳು ಫಲಕದ ಬಾಗಿಗೆ ತಕ್ಕಂತೆ ಕಮಾನಾಗಿ ನಿಂತವು. ಇನ್ನೂ ಇಳಿಸಬಹುದೇ ಎಂದು ಕೇಳಿದೆ. ಇಳಿಸಬಹುದು, ಆದರೆ ಈ ಫಲಕ ಬಾಗಿರುವುದರಿಂದ ತಂತಿಯನ್ನು ಅಡ್ಡಕ್ಕೆ ಎಳೆದಾಗ ಅದು ನಡುವಿನ ಉಬ್ಬನ್ನು ಹತ್ತುತ್ತದೆ, ಮತ್ತೆ ಸ್ವರ ಸಾಯುತ್ತದೆ ಎಂದರು. ಕಡೆಗೆ 12ನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರವನ್ನೂ ಅಲ್ಲಿಯೇ ಮುಟ್ಟಿದಂತೆ ಮಾಡಿ ಎಬ್ಬಿಸಿದ ಸ್ವರವನ್ನೂ ಹೋಲಿಸಿ, ಒತ್ತಿದ್ದು ಏರಿದ್ದ ಕಡೆ ಸ್ಯಾಡಲ್ಲನ್ನು ಹಿಂದಕ್ಕೆ ಸರಿಸಿದರು. ಎತ್ತರ ಬದಲಾದರೆ ಶ್ರುತಿಯ ಜಾಗವೂ ಬದಲಾಗುತ್ತದೆ. ಅದನ್ನು ಕೊನೆಗೇ ನೋಡಬೇಕು.

ಇಳಿಯುವಾಗ ಮೆಟ್ಟಿಲ ಬಳಿ ಕೂಗಿ ಹೇಳಿದರು, ‘ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಅಳೆದುಕೋ. ಮರ ಅದು, ಕಬ್ಬಿಣ ಅಲ್ಲ.’

ನವೆಂಬರ್, ಆಮೇಲೆ ಡಿಸೆಂಬರ್

ಉಳಿದ ವಾರಗಳು ಕೈ ಹಗುರ ಮಾಡುವುದರಲ್ಲೇ ಹೋದವು. ತಂತಿ ಇಳಿಸಿದ್ದು ಹದಿನೈದು ದಿನದ ಕೆಲಸ, ಕೈ ಇಳಿಸಿದ್ದು ಇನ್ನೂ ಮುಗಿದಿಲ್ಲ. ಸ್ವರ ಸ್ಪಷ್ಟವಾಗಿ ಬರಲು ಬೇಕಾದಷ್ಟೇ ಒತ್ತು, ಅದಕ್ಕಿಂತ ಒಂದು ಗುಂಜಿ ಹೆಚ್ಚು ಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ದಿನಕ್ಕೆ ಇಪ್ಪತ್ತೇ ನಿಮಿಷ ಬಾರಿಸಿದೆ. ಹತ್ತಿರದಿಂದ ಕಿವಿಗೊಟ್ಟರೆ ದಪ್ಪ ತಂತಿಯಲ್ಲಿ ಈಗಲೂ ಚೂರು ಗರ್ ಎನ್ನುತ್ತದೆ. ಆಂಪ್ಲಿಫಯರಿನಲ್ಲಿ ಕೇಳಿಸುವುದಿಲ್ಲ, ಹಾಗಾಗಿ ಅದನ್ನು ಅದರ ಪಾಡಿಗೆ ಬಿಟ್ಟಿದ್ದೇನೆ.

ಕಾರ್ಯಕ್ರಮ ನವೆಂಬರಿನ ಮೂರನೇ ಭಾನುವಾರ ನಡೆಯಿತು. ಬೆರಳು ಪೂರ್ತಿ ವಾಸಿಯಾಗಿರಲಿಲ್ಲ, ಅಂದು ಬೆಳಿಗ್ಗೆಯೂ ಬಿಸಿನೀರಿನಲ್ಲಿ ಇಟ್ಟು ಬಿಡಿಸಿದ್ದೆ. ಆ ಹಾಡು ಬಂತು. 14ನೇ ಫ್ರೆಟ್ಟಿನಲ್ಲಿ ತಂತಿ ದೂಡಿದೆ. ಸ್ವರ ಏರಿತು, ನಿಂತಿತು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಿತು. ಮಂಡ್ಯದ ಹುಡುಗ ಕೀಬೋರ್ಡಿನಿಂದ ಕೈ ಎತ್ತಿ ನನ್ನತ್ತ ನೋಡಿ ತಲೆಯಾಡಿಸಿದ. ನಾನು ಆಪರೇಷನ್ನಿನ ಗಡಿ ದಾಟಿದೆನೆಂದು ಹೇಳುವಂತಿಲ್ಲ. ಡಾಕ್ಟರು ಕಳೆದ ಬಾರಿ ಬೆರಳು ಮಡಚಿ ಬಿಡಿಸಿ ನೋಡಿ, ‘ಇಂಜೆಕ್ಷನ್ ಸದ್ಯಕ್ಕೆ ಬೇಡ’ ಎಂದಿದ್ದಾರೆ, ಅಷ್ಟೇ.

ಡಿಸೆಂಬರಿನಲ್ಲಿ ಧಾರವಾಡಕ್ಕೆ ಹೋದೆ. ಬೆಳಿಗ್ಗೆ ಎದ್ದಾಗ ತಂಬೂರಿಯ ಸದ್ದಿರಲಿಲ್ಲ. ಅಪ್ಪ ಅದನ್ನು ಮಡಿಲಲ್ಲಿ ಮಲಗಿಸಿಕೊಂಡು ಸುಮ್ಮನೆ ಕುಳಿತಿದ್ದರು. ಕುದುರೆಯ ಮೇಲಿನ ದಾರ ಸರಿಸಲು ಅವರ ಕೈ ಈಗ ನಡುಗುತ್ತದೆ, ಬೇಸಿಗೆಯಿಂದಲೇ ಹೀಗಿತ್ತಂತೆ. ಫೋನಿನಲ್ಲಿ ಪ್ರತಿ ಭಾನುವಾರ ನನ್ನ ಬೆರಳಿನ ವಿಚಾರ ಕೇಳಿದವರು ತಮ್ಮ ಕೈಯ ಮಾತು ಒಮ್ಮೆಯೂ ಎತ್ತಿರಲಿಲ್ಲ.

‘ನೀ ಈಗ ತಂತಿ ಕೆಲಸ ಕಲತೀಯಲ್ಲ, ಇಷ್ಟ ದಾರ ಸರಸು ನೋಡೂಣು’ ಎಂದರು.

ಕುಳಿತೆ. ಅವರು ಒಂದು ತಂತಿ ಮೀಟಿದರು. ನಾನು ದಾರವನ್ನು ಉಗುರಿನಿಂದ ಕೂದಲಷ್ಟು ಸರಿಸಿದೆ. ‘ಇಲ್ಲ.’ ಇನ್ನೂ ಚೂರು. ‘ಹಿಂದಕ್ಕ.’ ಮತ್ತೆ ಚೂರು. ಗೇಜ್ ಇಲ್ಲ, ನೋಟುಬುಕ್ ಇಲ್ಲ, ಅವರ ಕಿವಿ, ನನ್ನ ಉಗುರು. ಎಷ್ಟನೆಯ ಸಲವೋ ಗೊತ್ತಿಲ್ಲ, ತಂತಿ ತಟ್ಟನೆ ಬಾಯಿಬಿಟ್ಟು ಕೋಣೆ ತುಂಬಿತು.

‘ಹಾಂ, ಅಲ್ಲೇ ಬಿಡು’ ಎಂದರು ಅಪ್ಪ. ‘ಇನ್ನ ಮೂರ ಅದಾವ.’